ನಿಮಿಷದಜ್ಜಿಯ ಹನ್ನೊಂದು ನಿಮಿಷ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಎರಡನೇ ಮಹಡಿಯ ಈ ಪುಟ್ಟ ಮನೆಯ ಊಟದ ಮೇಜಿನ ಮೇಲೆ ಊಟಕ್ಕೆ ಸಂಬಂಧಪಟ್ಟದ್ದು ಏನೇನೂ ಇಲ್ಲ. ಚೌಕುಳಿ ಹಾಳೆಗಳ ಕಟ್ಟು, ಒಂದಡಿ ಸ್ಕೇಲು, ನಾಲ್ಕು ಪೆನ್ಸಿಲ್ಲು, ಮೂಲೆಗಳೆಲ್ಲ ಸವೆದು ಗೋಲಿಯಂತಾದ ರಬ್ಬರು. ಅರವತ್ತಮೂರರ ಹೆಂಗಸೊಬ್ಬರು ಶಾಲು ಹೊದ್ದು ಕೂತು, ಯಾರದೋ ಮನೆಯ ಅಣ್ಣತಮ್ಮಂದಿರಿಬ್ಬರ ದಿನಕ್ಕೆ ಗೆರೆ ಎಳೆಯುತ್ತಿದ್ದಾರೆ. ಅಣ್ಣನಿಗೆ ಗಣಿತ ಇಪ್ಪತ್ತೆರಡು ನಿಮಿಷ, ತಮ್ಮನಿಗೆ ಒಂಬತ್ತು. ತಮ್ಮನದು ಮುಗಿದ ಮೇಲೆ ಅಣ್ಣನಿಗೆ ಇನ್ನೂ ಹದಿಮೂರು ನಿಮಿಷ ಬಾಕಿ. ಅಷ್ಟು ಹೊತ್ತು ತಮ್ಮ ಅಣ್ಣನ ತಂಟೆಗೆ ಹೋಗಬಾರದು. ಪೆನ್ಸಿಲ್ಲಿನ ತುದಿ ಕಚ್ಚಿಕೊಂಡು ಯೋಚಿಸಿ, ಕೊನೆಗೆ ತಮ್ಮನ ಚೌಕದಲ್ಲಿ ‘ಗಿಡಕ್ಕೆ ನೀರು’ ಎಂದು ಬರೆಯುತ್ತಾರೆ.

“ಅವರ ಮನೇಲಿ ಇರೋದು ಎರಡೇ ಗಿಡ. ಅದಕ್ಕೇ ಚಿಕ್ಕ ಲೋಟ ಕೊಡಿ ಅಂತ ಅವರಮ್ಮಂಗೆ ಹೇಳಿದೀನಿ. ಹದಿಮೂರು ನಿಮಿಷ ಓಡಾಡ್ತಾನೆ ಬಿಡಿ,” ಎನ್ನುತ್ತಾರೆ, ಪತ್ರಿಕೆಗೆ ಬರೆಯಲೆಂದು ಬಂದು ಎದುರಿಗೆ ಕೂತ ನನಗೆ.

ಶಾಲೆಗೆ ಹೋಗದೆ ಮನೆಯಲ್ಲೇ ಓದುವ ಮಕ್ಕಳಿಗೆ ದಿನದ ವೇಳಾಪಟ್ಟಿ ಮಾಡಿಕೊಡುವುದು ಇವರ ಕೆಲಸ. ಯಾವ ಪಾಠ ಎಷ್ಟು ನಿಮಿಷ, ಯಾವುದರ ಹಿಂದೆ ಯಾವುದು, ನಡುವೆ ಎಷ್ಟು ಬಿಡುವು ಎಂಬುದನ್ನೆಲ್ಲ ಮಗುವಿನಿಂದ ಮಗುವಿಗೆ ಬೇರೆಬೇರೆ ಮಾಡಿ ಬರೆಯುತ್ತಾರೆ. ಸದ್ಯ ಹದಿನಾಲ್ಕು ಮನೆ, ಇಪ್ಪತ್ತೊಂದು ಮಕ್ಕಳು. ಏಳು ಗಂಟೆಯಿಂದ ಫೋನು ಶುರು: ಒಬ್ಬನಿಗೆ ಜ್ವರ, ಇನ್ನೊಬ್ಬಳಿಗೆ ಹಲ್ಲು ಅಲುಗಾಡುತ್ತಿದೆ, ಮತ್ತೊಬ್ಬನ ಮನೆಗೆ ಸೋದರತ್ತೆ ಬಂದಿದ್ದಾರೆ. ಎಲ್ಲದಕ್ಕೂ ಹಾಳೆ ತಿದ್ದಬೇಕು. ಮಕ್ಕಳಿಟ್ಟ ಹೆಸರು ನಿಮಿಷದಜ್ಜಿ. ಅವರಿಗೂ ಅದೇ ಇಷ್ಟ.

ಇಂದು ಮಾತ್ರ ಅಜ್ಜಿಯ ಗಮನ ಹಾಳೆಯ ಮೇಲಿಲ್ಲ. ಒಂದೇ ಚೌಕವನ್ನು ಮೂರು ಸಲ ಅಳಿಸಿದ್ದಾರೆ. ಒಂಬತ್ತು ವರ್ಷದ ಹುಡುಗಿಯೊಬ್ಬಳ ಫಲಿತಾಂಶ ಇವತ್ತು. ಮನೆಯಲ್ಲಿ ಓದುವ ಮಕ್ಕಳನ್ನು ಶಿಕ್ಷಣ ಕಚೇರಿಯವರು ವರ್ಷಕ್ಕೊಮ್ಮೆ ಪರೀಕ್ಷಿಸುತ್ತಾರೆ. ತಪ್ಪಿದರೆ ಇನ್ನೊಂದು ಅವಕಾಶ. ಅದರಲ್ಲೂ ತಪ್ಪಿದರೆ ಮಗು ಶಾಲೆಗೆ ಮರಳಬೇಕು. ಈ ಹುಡುಗಿ ಮೊದಲ ಸಲ ತಪ್ಪಿದ್ದಳು. ಮರಳಬೇಕಾದ ಶಾಲೆ ಎಂಥದ್ದೆಂದರೆ, ಅಲ್ಲಿ ಎರಡು ವರ್ಷ ಇದ್ದೂ ಅವಳು ತರಗತಿಯಲ್ಲಿ ಬಾಯಿ ಬಿಟ್ಟವಳಲ್ಲ. ದಿನಾ ಗೇಟಿನ ಹತ್ತಿರ ಹೊಟ್ಟೆ ಹಿಡಿದುಕೊಂಡು ಕೂತುಬಿಡುತ್ತಿದ್ದಳು.

“ಮೊದಲನೇ ಸಲ ತಪ್ಪಿದ್ದು ಅವಳಲ್ಲ, ನಾನು,” ಎನ್ನುತ್ತಾರೆ ಅಜ್ಜಿ. “ಬರ್ಕೊಳ್ಳಿ, ಪರವಾಗಿಲ್ಲ.”

ಬರೆದುಕೊಳ್ಳುವ ಮೊದಲು ಸ್ವಲ್ಪ ಹಿಂದಿನದು. ಅಜ್ಜಿ ಮೂವತ್ತಾರು ವರ್ಷ ಬಸ್ ಡಿಪೋದಲ್ಲಿ ಗುಮಾಸ್ತೆ. ಯಾವ ಬಸ್ಸು ಎಷ್ಟಕ್ಕೆ ಬಿಡಬೇಕು, ಎಷ್ಟಕ್ಕೆ ಬರಬೇಕು ಎಂದು ಪಟ್ಟಿ ಮಾಡುವುದೇ ಅಲ್ಲಿನ ಕೆಲಸ. ಎಳೆ ವಯಸ್ಸಿನ ಹುಮ್ಮಸ್ಸಿನಲ್ಲಿ ಒಂದು ಸಲ ಸುತ್ತಿಗೂ ಸುತ್ತಿಗೂ ನಡುವೆ ಒಂದು ನಿಮಿಷವೂ ಬಿಡದೆ ಪಟ್ಟಿ ಹೊಸೆದುಬಿಟ್ಟರು. ಮೂರನೇ ದಿನ ಡ್ರೈವರೊಬ್ಬರು ಕಿಟಕಿಯ ಹತ್ತಿರ ಬಂದು, “ಮೇಡಂ, ಬಸ್ಸಿಗೆ ಡೀಸೆಲ್ ಸಾಕು, ನನಗೆ ಬಾತ್‌ರೂಮೂ ಬೇಕು” ಎಂದರು. ಪಟ್ಟಿ ಬದಲಾಯಿತು. ಮರುವರ್ಷ ಅವರಿಬ್ಬರ ಮದುವೆಯೂ ಆಯಿತು.

ಆ ಡ್ರೈವರು ಈಗ ನಿವೃತ್ತರು. ಅಡುಗೆಮನೆಯಲ್ಲಿ ನಮಗೆ ಕಾಫಿ ಸೋಸುತ್ತಾ ಅಲ್ಲಿಂದಲೇ ಮಾತು ಎಸೆಯುತ್ತಾರೆ. “ಊರ ಮಕ್ಕಳಿಗೆಲ್ಲ ಬಿಡುವು ಬರೆದುಕೊಡ್ತಾಳೆ. ಗಂಡನಿಗೆ ಕಾಫಿ ಮಾಡೋಕೆ ಇವಳಿಗೆ ಬಿಡುವಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ.” ಅಜ್ಜಿ ತಲೆ ಎತ್ತದೆ, “ಸಕ್ಕರೆ ಕಮ್ಮಿ ಹಾಕಿ” ಎನ್ನುತ್ತಾರೆ.

ಮಕ್ಕಳ ಪಟ್ಟಿಗೆ ಕೈಹಾಕಿದ್ದು ನಿವೃತ್ತಿಯ ವರ್ಷ. ಕಾಲು ಮುರಿದುಕೊಂಡ ಮೊಮ್ಮಗನಿಗೆ ಮಗಳು ಮನೆಯಲ್ಲೇ ಪಾಠ ಹೇಳುತ್ತಿದ್ದಳು. ಶಾಲೆಯಂತೆಯೇ ಎಂಟು ಪಿರಿಯಡ್ಡು, ಒಂದೊಂದು ನಲವತ್ತು ನಿಮಿಷ. ನಾಲ್ಕನೇ ದಿನಕ್ಕೆ ತಾಯಿ ಮಗ ಇಬ್ಬರೂ ಅಳುತ್ತಿದ್ದರು. ಅಜ್ಜಿ ಸ್ಕೇಲು ಹಿಡಿದು ಹೋದರು. ಅಲ್ಲಿಂದ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು.

ಇವರದು ಒಂದು ಕ್ರಮವಿದೆ. ಪಟ್ಟಿ ಬರೆಯುವ ಮೊದಲು ಒಂದು ದಿನವಿಡೀ ಆ ಮನೆಯಲ್ಲಿ ಸುಮ್ಮನೆ ಕೂರುತ್ತಾರೆ. ಮಗು ಓದಲು ಕೂತು ಎಷ್ಟನೇ ನಿಮಿಷಕ್ಕೆ ಪುಸ್ತಕದಿಂದ ತಲೆ ಎತ್ತಿತು ಎಂದು ಗುರುತು ಹಾಕುತ್ತಾರೆ. ತಲೆ ಎತ್ತುವುದಕ್ಕೆ ಒಂದು ನಿಮಿಷ ಮುಂಚೆಯೇ ಪಾಠ ಮುಗಿಯಬೇಕು. “ಸಾಕಾದ ಮೇಲೆ ನಿಲ್ಲಿಸಿದ್ರೆ ಮಗು ನಾಳೆ ಬರಲ್ಲ. ಇನ್ನೊಂಚೂರು ಬೇಕು ಅನ್ನೋವಾಗ ನಿಲ್ಲಿಸಬೇಕು.”

ಆ ಹುಡುಗಿಯ ಮನೆಯಲ್ಲಿ ಎಡವಿದ್ದು ಇಲ್ಲೇ. ತಾಯಿ ಪಕ್ಕದಲ್ಲೇ ಕೂತಿದ್ದರು. ಹುಡುಗಿ ನಲವತ್ತು ನಿಮಿಷವಾದರೂ ತಲೆ ಎತ್ತಲಿಲ್ಲ. ಇಂಥ ಏಕಾಗ್ರತೆ ನಾನು ಕಂಡೇ ಇಲ್ಲ ಎಂದು ಅಜ್ಜಿ ತಾಯಿಯ ಮುಂದೆ ಹೊಗಳಿ, ನಲವತ್ತು ನಿಮಿಷದ ಐದು ಪಾಠ ಬರೆದುಕೊಟ್ಟು ಬಂದರು. ಪರೀಕ್ಷೆಯಲ್ಲಿ ಹುಡುಗಿ ಹಾಳೆಯ ಮೇಲೆ ಹೆಸರು ಬಿಟ್ಟು ಮತ್ತೇನೂ ಬರೆದಿರಲಿಲ್ಲ.

ಸುದ್ದಿ ತಿಳಿದ ಮರುದಿನವೇ ಅಜ್ಜಿ ಆ ಮನೆಗೆ ಓಡಿದರು. ಮತ್ತೆ ಅದೇ ಮೇಜು, ಅದೇ ತಾಯಿ, ಪುಸ್ತಕದಲ್ಲಿ ಹುದುಗಿದ ಅದೇ ತಲೆ. ಕೈಜಾರಿದ ಪೆನ್ಸಿಲ್ಲು ಎತ್ತಿಕೊಳ್ಳಲು ಬಗ್ಗಿದಾಗ ಮೇಜಿನ ಕೆಳಗೆ ಮಗುವಿನ ಕಾಲು ಕಂಡಿತು. ಹತ್ತೂ ಬೆರಳು ಕುರ್ಚಿಯ ಅಡ್ಡಪಟ್ಟಿಯನ್ನು ಬಿಗಿಯಾಗಿ ಕಚ್ಚಿಕೊಂಡಿದ್ದವು.

“ಅವಳು ಓದ್ತಾ ಇರಲಿಲ್ಲ. ಅಮ್ಮನಿಗೆ ಹೆದರಿ ತಲೆ ಬಗ್ಗಿಸಿಕೊಂಡಿದ್ಲು ಅಷ್ಟೇ. ತಲೆ ಸುಳ್ಳು ಹೇಳುತ್ತೆ, ಕಾಲು ಹೇಳಲ್ಲ. ಇಷ್ಟು ವರ್ಷ ನಾನು ನೋಡಿದ್ದು ಬರೀ ತಲೆ.”

ತಾಯಿಯನ್ನು ಅಂಗಡಿಗೆ ಕಳಿಸಿ, ಅಜ್ಜಿ ನೆಲದ ಮೇಲೆ ಚಾಪೆ ಹಾಕಿಕೊಂಡು ಕೂತರು. ಬಾಗಿಲು ಹಾಕಿಕೊಂಡ ಸದ್ದಾದ ಮೇಲೆ ಬೆರಳು ಒಂದೊಂದಾಗಿ ಸಡಿಲವಾದವು. ಪುಟ ತಿರುವುವ ಸದ್ದು ಕೇಳಿತು. ಹನ್ನೆರಡನೇ ನಿಮಿಷಕ್ಕೆ ಕಾಲು ತೂಗಾಡತೊಡಗಿತು. ಹಾಗಾದರೆ ಪಾಠ ಹನ್ನೊಂದು ನಿಮಿಷ. ಅದಾದ ಮೇಲೆ ಎದ್ದು ಕಿಟಕಿಯವರೆಗೆ ಹೋಗಿ ಬರಬೇಕು, ಮತ್ತೆ ಕೂರಬೇಕು. ದಿನಕ್ಕೆ ಏಳು ಪಾಠ. ಆ ಹೊತ್ತಿನಲ್ಲಿ ತಾಯಿ ಬೇರೆ ಕೋಣೆಯಲ್ಲಿರಬೇಕು.

ತಾಯಿ ತಲೆಯ ಮೇಲೆ ಕೈಹೊತ್ತು ಕೂತರಂತೆ. “ಏಳು ಹನ್ನೊಂದಲಿ ಎಪ್ಪತ್ತೇಳು. ಇಡೀ ದಿನಕ್ಕೆ ಒಂದೂಕಾಲು ಗಂಟೆ ಓದಿದ್ರೆ ಯಾವ ಪರೀಕ್ಷೆ ಪಾಸಾಗ್ತಾಳೆ ಅಜ್ಜಿ?” ಎಂದು ಕೇಳಿದರಂತೆ. ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟು ಅಂತಾರಲ್ಲಮ್ಮ ಎಂದು ಅಜ್ಜಿ ಧೈರ್ಯ ಹೇಳಿ ಬಂದರು. ಆದರೆ ಅವರಿಗೇ ಧೈರ್ಯವಿರಲಿಲ್ಲ. ಎರಡನೇ ಅವಕಾಶಕ್ಕೆ ಉಳಿದಿದ್ದುದು ನಾಲ್ಕೇ ತಿಂಗಳು. ವಾರಕ್ಕೊಮ್ಮೆ ಹೋಗಿ ಚಾಪೆಯ ಮೇಲೆ ಕೂತು ಕಾಲು ನೋಡಿಕೊಂಡು ಬರುತ್ತಿದ್ದರು.

ಹತ್ತು ಗಂಟೆಗೆ ಕಚೇರಿ ತೆರೆಯುತ್ತದೆ. ಹತ್ತೂಕಾಲಾದರೂ ಫೋನಿಲ್ಲ. ಡ್ರೈವರ್ ಸಾಹೇಬರೂ ತಮಾಷೆ ನಿಲ್ಲಿಸಿ ಹೆಂಡತಿಯ ಪಕ್ಕ ಬಂದು ಕೂರುತ್ತಾರೆ. ಹತ್ತೂ ಇಪ್ಪತ್ತಕ್ಕೆ ಫೋನು ಬಡಿದುಕೊಳ್ಳುತ್ತದೆ. ಅಜ್ಜಿ ಅದನ್ನು ಗಂಡನ ಕಡೆ ಸರಿಸುತ್ತಾರೆ. ಸ್ಪೀಕರ್ ಒತ್ತುವುದು ಅವರೇ.

“ಅಜ್ಜಿ,” ಎನ್ನುತ್ತದೆ ತಾಯಿಯ ದನಿ. ಅದು ಅಳುತ್ತಿದೆಯೋ ನಗುತ್ತಿದೆಯೋ ತಿಳಿಯುವುದಿಲ್ಲ. “ಪಾಸು. ಕಾಗದ ಕೈಲಿದೆ. ಮನೇಲೇ ಓದಬಹುದು ಅಂತ ಬರೆದಿದಾರೆ.”

ಅಜ್ಜಿ ಕುರ್ಚಿಗೆ ಒರಗುತ್ತಾರೆ. ನಾಲ್ಕು ತಿಂಗಳು ಹಿಡಿದಿಟ್ಟ ಉಸಿರು ಒಂದೇ ಸಲ ಹೊರಬೀಳುತ್ತದೆ. ಸುಳ್ಳೇಕೆ, ನನಗೂ ಕಣ್ಣು ತೇವವಾಯಿತು. ಆ ಮಗುವಿನ ಮುಖವನ್ನೂ ನಾನು ಕಂಡವಳಲ್ಲ.

ತಾಯಿಯ ಮಾತು ಇನ್ನೂ ಮುಗಿದಿಲ್ಲ. ಪರೀಕ್ಷೆಯ ಕೋಣೆಯಲ್ಲಿ ನಡೆದದ್ದನ್ನು ಮಗಳು ಮನೆಯಲ್ಲಿ ಹೇಳಿರಲಿಲ್ಲ, ಕಾಗದ ಕೊಡುವಾಗ ಅಧಿಕಾರಿಯೇ ಹೇಳಿದರಂತೆ. ಒಂದು ಗಂಟೆಯ ಪರೀಕ್ಷೆ. ಹನ್ನೊಂದು ನಿಮಿಷವಾದ ಮೇಲೆ ಹುಡುಗಿ ಪೆನ್ಸಿಲ್ಲು ಕೆಳಗಿಟ್ಟು, ಕೈಯೆತ್ತಿ, “ಸರ್, ಕಿಟಕಿ ಹತ್ರ ಹೋಗಿ ಬರಲಾ?” ಎಂದು ಕೇಳಿದಳಂತೆ. ಎರಡು ವರ್ಷ ತರಗತಿಯಲ್ಲಿ ಬಾಯಿ ಬಿಡದ ಹುಡುಗಿ, ಗುರುತೇ ಇಲ್ಲದ ಅಧಿಕಾರಿಯನ್ನು ನಾಲ್ಕು ಸಲ ಕೇಳಿದಳಂತೆ. ನಾಲ್ಕು ಸಲವೂ ಹೋಗಿ ಬಂದು ಬರೆದಳಂತೆ.

“ಹೀಗೆ ಮಾಡೋಕೆ ಯಾರು ಹೇಳಿಕೊಟ್ರು ಅಂತ ಸಾಹೇಬ್ರು ಕೇಳಿದ್ರಂತೆ ಅಜ್ಜಿ,” ಎನ್ನುತ್ತಾರೆ ತಾಯಿ, ಸ್ವಲ್ಪ ಸಂಕೋಚದಿಂದ. “ಯಾರೂ ಹೇಳಿಕೊಟ್ಟಿಲ್ಲ, ನಂಗೇ ಗೊತ್ತು ಅಂದ್ಲಂತೆ. ನೀವು ಬೇಜಾರು ಮಾಡ್ಕೋಬೇಡಿ.”

ಫೋನು ಇಟ್ಟ ಮೇಲೆ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಾರೆ. ಗಂಡನಿಗೆ ಛೇಡಿಸಲು ಹೊಸ ವಿಷಯ ಸಿಕ್ಕಿದೆ. “ನಾಲ್ಕು ತಿಂಗಳು ನೆಲದ ಮೇಲೆ ಕೂತು ಮಂಡಿ ಸವೆಸಿದ್ಯಲ್ಲೇ, ನಿನ್ನ ಹೆಸರೇ ಹೇಳಲಿಲ್ಲವಲ್ಲ.”

“ಹೇಳಬಾರದು ಕಣ್ರೀ,” ಎನ್ನುತ್ತಾರೆ ನಿಮಿಷದಜ್ಜಿ. “ಹೇಳಿದ್ದಿದ್ರೆ ಆ ಹನ್ನೊಂದು ನಿಮಿಷ ಇನ್ನೂ ನಂದೇ ಅಂತಾಗ್ತಿತ್ತು. ಈಗ ಅವಳದು.”