ನೂರಕ್ಕೆ ನಾಲ್ವರಲ್ಲಿ ಒಬ್ಬಳು

ಲಿಯೋನ್ಸಿಯಾಳ ಕನಸುಗಳೆಲ್ಲ ಮಧ್ಯಾಹ್ನದವು. ಬೆಳಕು ಹರಿಯುವ ಮೊದಲೇ ಗಾಡಿ ತಳ್ಳಿಕೊಂಡು ಹೋಗುವವಳಿಗೆ ರಾತ್ರಿ ಕನಸು ಕಾಣಲು ಪುರುಸೊತ್ತಾದರೂ ಎಲ್ಲಿ? ಲಿಮಾ ನಗರದಂಚಿನ ಕೋಮಾಸಿನಲ್ಲಿ, ನಮ್ಮ ಗುಡ್ಡದ ಮೆಟ್ಟಿಲು ಮುಗಿದು ಬಸ್ಸು ನಿಲ್ಲುವಲ್ಲಿ ಅವಳು ಎಮೊಲಿಯೆಂತೆ ಮಾರುತ್ತಾಳೆ. ಬಾರ್ಲಿ, ಅಗಸೆ ಬೀಜ, ಒಂದಿಷ್ಟು ಬೇರು ಸೊಪ್ಪು ಕುದಿಸಿ ನಿಂಬೆ ಹಿಂಡಿ ಕೊಡುವ ಕಷಾಯ ಅದು. ಎರಡು ಲೋಟಗಳ ನಡುವೆ ಎತ್ತಿ ಎತ್ತಿ ಸುರಿಯುವಾಗ ಅಗಸೆಯ ಲೋಳೆ ದಾರದ ಹಾಗೆ ಎಳೆಯುತ್ತದೆ. ಲಿಮಾದಲ್ಲಿ ಮಳೆ ಎಂದು ಹೇಳುವಂಥದ್ದು ಬರುವುದಿಲ್ಲ. ಮೇ ಬಂತೆಂದರೆ ಆಕಾಶವೇ ಕೆಳಗಿಳಿದು ಬೀದಿಯಲ್ಲಿ ಕೂತುಬಿಡುತ್ತದೆ. ಆ ಮಂಜಿನೊಳಗಿಂದ ಬರೀ ಕೈಗಳು ಬಂದು ಅವಳ ಲೋಟ ಇಸಿದುಕೊಳ್ಳುತ್ತವೆ.

ಗಿರಾಕಿಗಳು ಕರಗಿದ ಮೇಲೆ ಗಾಡಿ ತೊಳೆದು, ಮೆಟ್ಟಿಲು ಹತ್ತಿ, ಸೂಪು ಕುಡಿದು ಮಲಗುತ್ತಾಳೆ. ಆಗ ಊರು ಬರುತ್ತದೆ. ಅಯಕೂಚೊ ಕಡೆಯ ಬೆಟ್ಟದ ಊರು, ಲಂಗ ಹಾಕುವ ವಯಸ್ಸಿನಲ್ಲಿ ಬಿಟ್ಟು ಬಂದದ್ದು. ಕನಸಿನಲ್ಲಿ ಅದಕ್ಕೆ ಒಂದು ದಿನವೂ ವಯಸ್ಸಾಗಿಲ್ಲ. ಅಜ್ಜಿ ಹಾಗೆಯೇ ಇದ್ದಾಳೆ, ಕುದುರೆಮೆಂತೆಯ ಹೊಲ ಹಾಗೆಯೇ ಹಸಿರಾಗಿದೆ. ಮರುದಿನ ಬೆಳಿಗ್ಗೆ ಪಕ್ಕದ ಗಾಡಿಯ ಸೆನೋಬಿಯಾ, ಬ್ರೆಡ್ಡಿನೊಳಗೆ ಕರಿದ ಹಂದಿಮಾಂಸವನ್ನೂ ಗೆಣಸನ್ನೂ ಇಡುತ್ತ, ತಪ್ಪದೆ ಕೇಳುತ್ತಾಳೆ.

"ನಿನ್ನೆ ಯಾರ್ ಬಂದಿದ್ರು ಕೊಮಾದ್ರೆ?"

"ನಮ್ಮಜ್ಜಿ. ಆಮೇಲೆ ಒಂದು ಕರು."

"ನಿನ್ನ ಕನಸಲ್ಲಿ ಒಬ್ಬ ಗಂಡಸಾದ್ರೂ ಬರಬಾರದೇನೇ! ಯಾವಾಗ್ ನೋಡಿದ್ರೂ ಅಜ್ಜಿ, ಕರು."

ಕೊಮಾದ್ರೆ ಎಂದು ಸುಮ್ಮನೆ ಕರೆಯುವುದಲ್ಲ. ಸೆನೋಬಿಯಾಳ ಮಗ ವಿಲ್ಬರನಿಗೆ ಇಗರ್ಜಿಯಲ್ಲಿ ದೀಕ್ಷಾಸ್ನಾನ ಮಾಡಿಸುವಾಗ ಎತ್ತಿಕೊಂಡು ನಿಂತವಳು ಲಿಯೋನ್ಸಿಯಾ. ಅವನಿಗೆ ಇವಳು ಮದ್ರಿನಾ, ದೇವರ ಮುಂದೆ ಒಪ್ಪಿಕೊಂಡ ಎರಡನೆಯ ತಾಯಿ. ಮದುವೆಯಾಗದ ಇವಳಿಗೆ ಮಗ ಅಂತ ಇದ್ದರೆ ಅವನೊಬ್ಬನೇ. ಅವನ ಮೊದಲ ಬೂಟು ಕೊಡಿಸಿದವಳೂ ಇವಳೇ, ಅವನನ್ನು ಹಾಳುಮಾಡಿದವಳೂ ಇವಳೇ ಎಂದು ಸೆನೋಬಿಯಾ ಬೈಯುತ್ತಿರುತ್ತಾಳೆ.

ಆ ವಿಲ್ಬರ್ ಮೇ ತಿಂಗಳಲ್ಲಿ ಅಧ್ಯಕ್ಷರ ವಿರುದ್ಧದ ಮೆರವಣಿಗೆಗೆ ಹೋದ. ಪೊಲೀಸರ ಲಾಠಿ ಮೊಣಕಾಲಿಗೆ ಬಿತ್ತು. ಎಲ್ಲಿಟ್ಟಿದ್ದಾರೆ ಎಂಬುದೇ ತಿಳಿಯದೆ ಇಬ್ಬರು ಹೆಂಗಸರೂ ಠಾಣೆಯಿಂದ ಠಾಣೆಗೆ ಅಲೆದರು. ಕಡೆಗೆ ಬಿಟ್ಟರು, ಅವನು ಮನೆಗೆ ಬಂದು ಒಳಕೋಣೆಯಲ್ಲಿ ಮಲಗಿದ. ಕಾಲು ಕುಂಬಳಕಾಯಿಯಾಗಿತ್ತು.

ಅದೇ ವಾರದ ಒಂದು ಮಧ್ಯಾಹ್ನ ಲಿಯೋನ್ಸಿಯಾ ಹೊಲದಲ್ಲಿದ್ದಳು. ಕರು ಹಾಲು ಕುಡಿಯುತ್ತಿತ್ತು. ಅಜ್ಜಿ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಎಲ್ಲ ಸರಿಯಾಗಿದೆ ಮಗಳೇ, ಎನ್ನುತ್ತಿದ್ದಳು. ಎಷ್ಟೋ ದಿನಗಳ ಮೇಲೆ ಎದೆ ಹಗುರವಾಗಿತ್ತು. ಯಾರೋ ಬಾಗಿಲು ಬಡಿದರು. ಎದ್ದು ತೆರೆದಳೇನೋ ಹೌದು, ಆದರೆ ಅರ್ಧ ಹೊಲದಲ್ಲೇ ಉಳಿದಿದ್ದಳು. ಎದುರಿಗೆ ನೀಲಿ ಮೇಲಂಗಿಯ ಹುಡುಗಿ. ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಕಾಗದ ಸಿಕ್ಕಿಸಿದ ರಟ್ಟು, ಕಾಲಲ್ಲಿ ಒದ್ದೆ ಬೂಟು.

"ಅಮ್ಮ, ಒಂದೇ ನಿಮಿಷ. ಅಧ್ಯಕ್ಷರು ಆಡಳಿತ ನಡೆಸ್ತಿರೋ ರೀತಿ ನಿಮಗೆ ಒಪ್ಪಿಗೆನಾ, ಇಲ್ವಾ?"

"ಒಪ್ಪಿಗೆ ಕಣಮ್ಮ," ಎಂದಳು ಲಿಯೋನ್ಸಿಯಾ. "ಎಲ್ಲಾ ಸರಿಯಾಗಿದೆ."

ಹುಡುಗಿಯ ಪೆನ್ನು ಗಾಳಿಯಲ್ಲೇ ನಿಂತಿತು. "ಸ್ವಲ್ಪ ಒಪ್ಪಿಗೆನಾ, ತುಂಬಾ ಒಪ್ಪಿಗೆನಾ?"

"ತುಂಬಾ."

ಅಷ್ಟು ಮೆಟ್ಟಿಲು ಹತ್ತಿ ಬಂದ ಮಗುವಿಗೆ ಇಲ್ಲ ಎನ್ನಲು ಬಾಯಿಯಾದರೂ ಹೇಗೆ ಬರಬೇಕು? ಬಾಗಿಲು ಹಾಕಿ, ಒಂದು ಲೋಟ ನೀರು ಕುಡಿದ ಮೇಲೆ ಪೂರ್ತಿ ಎಚ್ಚರವಾಯಿತು. ಅಯ್ಯೋ ನನ್ನ ಬಾಯಿಗಿಷ್ಟು, ಎಂದುಕೊಂಡು ಹೊರಗೋಡಿದಳು. ಮೆಟ್ಟಿಲ ಮೇಲೆ ಮಂಜು ಬಿಟ್ಟರೆ ಯಾರೂ ಇರಲಿಲ್ಲ.

ಭಾನುವಾರ ರೇಡಿಯೋದವನು ಜನಾಭಿಪ್ರಾಯ ಸಮೀಕ್ಷೆಯ ಲೆಕ್ಕ ಹೇಳಿದ: ಅಧ್ಯಕ್ಷರನ್ನು ಒಪ್ಪುವವರು ನೂರಕ್ಕೆ ನಾಲ್ಕು. ಬಸ್ ಸ್ಟಾಪಿಗೆ ಹಬ್ಬವಾಯಿತು. ಬಸ್ಸಿನ ಬಾಗಿಲಲ್ಲಿ ನೇತಾಡುತ್ತ ಊರುಗಳ ಹೆಸರು ಕೂಗುವ ಕಂಡಕ್ಟರ್ ಕೂಡ ಇಳಿದು ಬಂದ.

"ಅವನೊಬ್ಬ, ಅವನ ಹೆಂಡ್ತಿ ಒಬ್ಬಳು, ಅವನ ನಾಯಿ ಒಂದು. ನಾಲ್ಕನೇದು ಯಾರ್ರೀ?"

"ಅತ್ತೆ ಇರಬೇಕು."

"ಅತ್ತೆ? ಆಕೆ ತೊಂಬತ್ತಾರರ ಕಡೆ ಬಿಡಪ್ಪ!"

ವಿಲ್ಬರ್ ಅಂದೇ ಮೊದಲ ಸಲ ಕುಂಟುತ್ತ ಕೆಳಗಿಳಿದು ಬಂದಿದ್ದ. ಅವನೂ ನಕ್ಕ. ನಕ್ಕು ಮುಗಿಸಿ, ಮದ್ರಿನಾಳ ಮುಖವನ್ನೇ ನೋಡುತ್ತ ಹೇಳಿದ. "ಆ ನಾಲ್ಕರಲ್ಲಿ ಒಬ್ಬರ ಮುಖ ನೋಡ್ಬೇಕು ಮದ್ರಿನಾ. ಬೈಯಲ್ಲ, ಹೊಡೆಯಲ್ಲ. ಸುಮ್ನೆ ನೋಡ್ಬೇಕು."

ಕಷಾಯ ಲೋಟ ತುಂಬಿ ಅವಳ ಕೈ ಮೇಲೆ ಹರಿಯಿತು. ಸುಟ್ಟದ್ದು ಗೊತ್ತಾಗಲಿಲ್ಲ. ಈ ಹುಡುಗನಿಗೆ ತಿಳಿದರೆ ನನಗೆ ಇನ್ನಾರಿದ್ದಾರೆ ಎಂದು ಅವಳ ಜೀವ ಹಿಡಿಯಷ್ಟಾಯಿತು.

ಅಂದಿನಿಂದ ಊರು ಬರುವುದು ನಿಂತಿತು. ಅಧ್ಯಕ್ಷರು ಬರತೊಡಗಿದರು. ಎದೆಯ ಮೇಲೆ ಕೆಂಪು ಬಿಳಿ ಪಟ್ಟಿ ಧರಿಸಿ, ಮಂಜಿನೊಳಗಿಂದ ನಡೆದು ಬಂದು, ಗಾಡಿಯ ಪಕ್ಕದ ಪುಟ್ಟ ಬೆಂಚಿನ ಮೇಲೆ ಕೂರುತ್ತಿದ್ದರು. ದಿನೇ ದಿನೇ ಚಿಕ್ಕವರಾಗುತ್ತಿದ್ದರು. ಮೊದಮೊದಲು ಪಾದ ನೆಲ ಮುಟ್ಟುತ್ತಿತ್ತು. ಆಮೇಲೆ ಕಾಲು ಜೋಲಾಡತೊಡಗಿತು. ಪಟ್ಟಿ ಹೆಗಲಿಂದ ಜಾರಿ ಮಡಿಲಲ್ಲಿ ಬಿದ್ದಿರುತ್ತಿತ್ತು. ಎರಡೂ ಕೈಯಲ್ಲಿ ಲೋಟ ಹಿಡಿದು, ಅವಳ ಅಜ್ಜಿಯ ಭಾಷೆಯಲ್ಲಿ ಕೇಳುತ್ತಿದ್ದರು: "ನೀನೂ ಕೈ ಬಿಡ್ತೀಯಾ ತಾಯಿ?" ಬೆಂಚಿನ ಹಿಂದೆ ವಿಲ್ಬರ್ ಊದಿದ ಕಾಲೆಳೆದುಕೊಂಡು ನಿಂತಿರುತ್ತಿದ್ದ, ಕೂರಲು ಜಾಗವಿಲ್ಲದೆ. ಏಳಿ ಮೇಲೆ, ಅವನು ಕೂರಲಿ, ಎನ್ನಬೇಕೆಂದು ಬಾಯಿ ತೆರೆದರೆ ಅಗಸೆಯ ಲೋಳೆ ತುಂಬಿಕೊಂಡು ಮಾತು ಹೊರಡುತ್ತಿರಲಿಲ್ಲ.

"ಯಾರ್ ಬಂದಿದ್ರು?" ಎಂದು ಸೆನೋಬಿಯಾ ಕೇಳಿದರೆ, "ಯಾರೂ ಇಲ್ಲ," ಎನ್ನುತ್ತಿದ್ದಳು. ಸೆನೋಬಿಯಾಳೂ ಈಗ ಹೆಚ್ಚು ಕೆದಕುತ್ತಿರಲಿಲ್ಲ. ಮಗನ ಚಿಂತೆ, ಎಂದು ಲಿಯೋನ್ಸಿಯಾ ತಿಳಿದಳು.

ಜುಲೈಯಲ್ಲಿ ಒಂದು ಬೆಳಿಗ್ಗೆ ಮಂಜಿನಿಂದ ಬಂದ ಕೈಯ ಹಿಂದೆ ಆ ನೀಲಿ ಮೇಲಂಗಿ ಇತ್ತು. ಲಿಯೋನ್ಸಿಯಾ ಲೋಟ ಕೊಡುವುದು ಬಿಟ್ಟು ಹುಡುಗಿಯ ಮಣಿಕಟ್ಟನ್ನೇ ಹಿಡಿದುಕೊಂಡಳು.

"ನನ್ನದು ಹೊಡೆದು ಹಾಕಮ್ಮ. ನಾನು ನಿದ್ದೆಗಣ್ಣಲ್ಲಿ ಹೇಳಿದ್ದು. ಕರುವಿಗೆ ಹೇಳಿದ್ದು, ಅಧ್ಯಕ್ಷರಿಗಲ್ಲ."

ಹುಡುಗಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಆಗಲ್ಲಮ್ಮ. ಅದು ಅವತ್ತೇ ಕಂಪ್ಯೂಟರಿಗೆ ಹೋಯ್ತು. ಕೇಳಿದ ಮನೆಗೆ ಮತ್ತೆ ಹೋಗೋ ಹಾಗಿಲ್ಲ."

"ಹಾಗಾದ್ರೆ ಇಲ್ಲೇ ಕೇಳು, ಬೀದೀಲಿ."

"ಬೀದೀಲಿ ಕೇಳಿದ್ದು ಲೆಕ್ಕಕ್ಕೆ ಬರಲ್ಲ." ಪಾಪ, ಸಮಾಧಾನ ಮಾಡಲೆಂದು ಹುಡುಗಿ ಇನ್ನೊಂದು ಮಾತು ಸೇರಿಸಿದಳು. "ನೀವು ಅಂದ್ರೆ ನೀವೊಬ್ಬರೇ ಅಲ್ಲಮ್ಮ. ನಮ್ಮ ಲೆಕ್ಕದಲ್ಲಿ ಒಬ್ಬೊಬ್ಬರೂ ಇಪ್ಪತ್ತು ಸಾವಿರ ಜನರ ಜಾಗದಲ್ಲಿ ನಿಂತಿರ್ತಾರೆ."

ಒಳ್ಳೆಯ ಸಮಾಧಾನ! ಅಷ್ಟು ಸಾವಿರ ಜನ ತನ್ನ ಬಾಯಿಂದ ಹೌದು ಎಂದುಬಿಟ್ಟರಲ್ಲ ಎಂದುಕೊಂಡಳು ಲಿಯೋನ್ಸಿಯಾ. ಅಂದು ಮಧ್ಯಾಹ್ನ ಮಲಗಲು ಹೆದರಿ ಸೀದಾ ಸೆನೋಬಿಯಾಳ ಅಡಿಗೆಮನೆಗೆ ಹೋದಳು. ಸೆನೋಬಿಯಾ ನಾಳೆಯ ಗೆಣಸಿನ ಸಿಪ್ಪೆ ತೆಗೆಯುತ್ತಿದ್ದಳು. ವಿಲ್ಬರ್ ಕಾಲಿನ ಚಿಕಿತ್ಸೆಗೆಂದು ಹೋಗಿದ್ದ.

"ಆ ನಾಲ್ಕರಲ್ಲಿ ನಾನೊಬ್ಬಳು ಕಣೇ," ಎಂದಳು ಲಿಯೋನ್ಸಿಯಾ, ಬಾಗಿಲಲ್ಲೇ ನಿಂತು. ಕನಸು, ಕರು, ಒದ್ದೆ ಬೂಟು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. "ಉಗೀ ನನ್ನ ಮುಖಕ್ಕೆ. ನಿನ್ನ ಮಗನಿಗೆ ಮಾತ್ರ ಹೇಳಬೇಡ."

ಸೆನೋಬಿಯಾ ತಲೆಯೆತ್ತಲಿಲ್ಲ. ಸಿಪ್ಪೆ ತೆಗೆದ ಗೆಣಸನ್ನೇ ಮತ್ತೆ ಹೆರೆಯುತ್ತಿದ್ದಳು.

"ನಿನ್ನ ಮನೆಯಿಂದ ಆ ಹುಡುಗಿ ನಮ್ಮನೆಗೇ ಬಂದ್ಲು ಕೊಮಾದ್ರೆ."

"ಮತ್ತೆ?"

"ಮತ್ತೇನು. ಕೊರಳಲ್ಲಿ ಚೀಟಿ, ಕೈಯಲ್ಲಿ ಪೆನ್ನು. ಮನೆ ನಂಬರ್ ಬೇರೆ ಬರ್ಕೊಂಡ್ಲು. ಸರ್ಕಾರದವಳೋ, ಠಾಣೆಯವಳೋ, ನಂಗೇನ್ ಗೊತ್ತು? ಇವನು ಒಳಗೆ ಮಲಗಿದ್ದ. ನರಳೋದು ಹೊರಗೆ ಕೇಳ್ತಿತ್ತು. ಅದು ಅವಳ ಕಿವಿಗೆ ಬೀಳಬಾರದು ಅಂತ ಜೋರಾಗಿ ಹೇಳ್ದೆ. ಒಪ್ಪಿಗೆ, ತುಂಬಾ ಒಪ್ಪಿಗೆ, ಅಂಥಾ ಅಧ್ಯಕ್ಷರು ಸಿಗಲ್ಲ ಅಂದೆ." ಚಾಕು ಕೆಳಗಿಟ್ಟಳು. "ನೀನು ನಿದ್ದೇಲಿ ಹೇಳ್ದೆ. ನಾನು ಎಚ್ಚರವಾಗಿದ್ದೆ ಕಣೇ."

ಲಿಯೋನ್ಸಿಯಾ ಅವಳ ಪಕ್ಕ ಕೂತು ಒಂದು ಗೆಣಸು ಎತ್ತಿಕೊಂಡಳು. ಇಬ್ಬರೂ ಸೇರಿ ಬುಟ್ಟಿ ಖಾಲಿ ಮಾಡಿದರು. ಮರುದಿನ ಅಧ್ಯಕ್ಷರು ಕನಸಿಗೆ ಬಂದಾಗ ಬೆಂಚಿನ ಮೇಲೆ ಮಗುವಿನಷ್ಟಾಗಿದ್ದರು. ಲಿಯೋನ್ಸಿಯಾ ಅವರನ್ನು ಕಂಕುಳಿಗೆ ಕೈಹಾಕಿ ಎತ್ತಿ ನೆಲಕ್ಕಿಳಿಸಿದಳು. ಹೂವಿನಷ್ಟೂ ಭಾರವಿರಲಿಲ್ಲ. ವಿಲ್ಬರ್ ಕೂತ.

ಆಗಸ್ಟಿನ ಒಂದು ಭಾನುವಾರ ರೇಡಿಯೋದವನು ಹೊಸ ಲೆಕ್ಕ ಹೇಳಿದ. ನಾಲ್ಕು ಇದ್ದದ್ದು ಐದಾಗಿದೆ. ಅಧ್ಯಕ್ಷರ ಜನಪ್ರಿಯತೆ ಏರುತ್ತಿದೆ ಎಂದು ಯಾರೋ ಮಂತ್ರಿ ಹೆಮ್ಮೆಯಿಂದ ಮಾತಾಡಿದ. ಬಸ್ ಸ್ಟಾಪು ಮತ್ತೆ ಗೊಳ್ಳೆಂದಿತು.

"ಅತ್ತೆ ಒಪ್ಕೊಂಡ್ಲು ಅಂತ ಕಾಣುತ್ತೆ!" ಎಂದು ಕಂಡಕ್ಟರ್ ಕೂಗಿದ.

"ಯಾರ್ ಮದ್ರಿನಾ ಈ ಐದನೇ ಮಹಾನುಭಾವ?" ವಿಲ್ಬರ್ ಬೆಂಚಿನ ಮೇಲೆ ಕಾಲು ಚಾಚಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಲಿಯೋನ್ಸಿಯಾ ಸೆನೋಬಿಯಾಳ ಕಡೆ ನೋಡಿದಳು. ಸೆನೋಬಿಯಾ ಬ್ರೆಡ್ಡು ಕೊಯ್ಯುವುದನ್ನು ನಿಲ್ಲಿಸಿ, ಮಂಜಿನಲ್ಲಿ ಅರ್ಧಕ್ಕೇ ಕಾಣದಾಗುವ ಗುಡ್ಡವನ್ನೂ ಅದರ ಮನೆಗಳನ್ನೂ ನೋಡುತ್ತಿದ್ದಳು.

"ನಗಬೇಡ ಕಣೋ," ಎಂದಳು. "ಆ ಐದನೆಯವರ ಮನೇಲೂ ಯಾರನ್ನೋ ಒಳಗೆ ಮಲಗಿಸಿಕೊಂಡಿರ್ತಾರೆ."

ವಿಲ್ಬರ್ ತಾಯಿಯ ಮುಖ ನೋಡಿದ. ನೋಡುತ್ತಲೇ ಇದ್ದ. ಅವನ ಕೈ ತಾನಾಗಿ ಮೊಣಕಾಲ ಮೇಲೆ ಹೋಗಿ ಕೂತಿತು.