ಕೊಟ್ಟ ಹುಲ್ಲು ಕಿತ್ತುಕೊಂಡವಳು

ನಮ್ಮ ಬೀದಿಯವರ ಹೊಲಗಳೆಲ್ಲ ಅಂಗೈಯಗಲದವು. ಮನುಷ್ಯರ ಹೊಟ್ಟೆಗೆ ಬೆಳೆದ ಮೇಲೆ ಹಸುವಿನ ಹೊಟ್ಟೆಗೆ ಜಾಗ ಉಳಿಯುತ್ತಿರಲಿಲ್ಲ. ಆದರೂ ಹೆಚ್ಚುಕಡಿಮೆ ಮನೆಗೊಂದು ಹಸು ಕಟ್ಟಿಕೊಂಡಿದ್ದೆವು. ಒಣಹುಲ್ಲು, ಬೂಸಾ ಹೇಗೋ ಹೊಂದಿಸುತ್ತಿದ್ದೆವು. ಹಸಿಹುಲ್ಲಿಗೆ ಮಾತ್ರ ಹುಲ್ಲು ಮಾರುವ ಹುಲ್ಲಕ್ಕನೇ ಗತಿ.

ಬೆಳಕು ಹರಿಯುವ ಮುಂಚೆ ಕುಡುಗೋಲು ಹಿಡಿದು ಹೊಲದ ಬದುಗಳಿಗೆ ಹೋಗುವಳು. ನಾವು ಹಾಲು ಕರೆದು ಏಳುವಷ್ಟರಲ್ಲಿ ಹೊರೆ ಹೊತ್ತು ಬೀದಿಯ ತುದಿಯಲ್ಲಿ ಕಾಣುವಳು. ಮುಖ ಕಾಣಿಸದು, ಹುಲ್ಲಿನ ಮೆದೆಗೇ ಕಾಲು ಬಂದು ನಡೆದಂತೆ. ಗಂಡ ಸುಣ್ಣದ ಭಟ್ಟಿಯಲ್ಲಿ ದುಡಿದು ಎದೆ ಕೆಡಿಸಿಕೊಂಡು ಮೂಲೆ ಹಿಡಿದಿದ್ದ. ಮನೆಯ ಭಾರವೆಲ್ಲ ಆ ಹೊರೆಯ ಮೇಲೆ.

ಪ್ರತಿ ಕಟ್ಟನ್ನೂ ಕೊಡುವ ಮುಂಚೆ ಮೂಸಿ ನೋಡುವುದು ಅವಳ ರೂಢಿ. "ಏನಕ್ಕಾ, ಹೂವು ಮಾರ್ತಿದ್ದೀಯಾ?" ಎಂದು ನಮ್ಮ ಬೀದಿಯ ಟೈಲರ್ ಗೇಲಿ ಮಾಡಿದರೆ, "ನಿನಗಲ್ಲಪ್ಪಾ, ನಿನ್ನ ಹಸುಗೆ. ಅದಕ್ಕೆ ನಿನಗಿಂತ ನಾಜೂಕು ಜಾಸ್ತಿ" ಎನ್ನುವಳು.

ಒಂದು ಸಲ ಚಳಿ ಮುಗಿಯುವ ಹೊತ್ತಿಗೆ ಅವಳಿಗೆ ಕೆಟ್ಟ ನೆಗಡಿ. ಮೂಗು ಕಟ್ಟಿ ಬಾಯಲ್ಲೇ ಉಸಿರಾಡುತ್ತಿದ್ದಳು. ಎಲ್ಲ ಮನೆಗೂ ಹುಲ್ಲು ಹಾಕಿ, ಕೊನೆಯ ಕಟ್ಟನ್ನು ನಮ್ಮ ಬಾಗಿಲಲ್ಲಿ ಇಳಿಸಿ, ನಾನು ಕೊಟ್ಟ ಬಿಸಿನೀರು ಕುಡಿಯುತ್ತಿದ್ದಳು. ಹೊಲಗಳಿಗೆ ಔಷಧಿ ಹೊಡೆಯುವ ಕೂಲಿಯವನು ಬೆನ್ನಿಗೆ ಪಂಪು ಕಟ್ಟಿಕೊಂಡು ಸೈಕಲ್ಲಿನಲ್ಲಿ ಬಂದ. ಕಟ್ಟು ನೋಡಿ ಕಾಲೂರಿ ನಿಂತ.

"ಅಕ್ಕಾ, ಎಲ್ಲಿ ಕೊಯ್ದೆ ಇದನ್ನ?"

"ಕಾಲುವೆ ಪಕ್ಕದ ಬದುವಲ್ಲಿ. ಯಾಕೋ?"

"ನಿನ್ನೆ ಸಂಜೆ ಅಲ್ಲೇ ಹತ್ತಿಗೆ ಹುಳದ ಔಷಧಿ ಹೊಡೆದಿದ್ದೆ. ಗಾಳಿ ಬದುವಿನ ಕಡೆಗೇ ಇತ್ತು."

ನಾನು ಕಟ್ಟನ್ನು ಮೂಗಿಗೆ ಹಿಡಿದೆ. ಘಾಟು ಗಂಟಲಿಗೇ ಇಳಿಯಿತು. ಹುಲ್ಲಕ್ಕ ಲೋಟ ಕೆಳಗಿಟ್ಟಳು.

ಅವನು ದನಿ ತಗ್ಗಿಸಿದ: "ಸುಮ್ನಿದ್ದುಬಿಡು. ಏನಾದ್ರೂ ಆದ್ರೆ ಬೂಸಾ ಕೆಟ್ಟಿತ್ತೇನೋ ಅಂತಾರೆ. ಬಾಯಿ ಬಿಟ್ರೆ ಬಣ್ಣಗೇಡು. ನಾಳೆಯಿಂದ ನಿನ್ನ ಹುಲ್ಲು ಯಾರು ಮುಟ್ತಾರೆ?"

"ಹಸುಗೆ ಬಾಯಿದ್ಯೇನೋ ಹೇಳೋಕೆ?" ಎಂದವಳೇ ಎದ್ದಳು. "ಹೋಗು, ಆ ಔಷಧಿ ಡಬ್ಬಿ ತಗೊಂಡು ಬಾ."

ಅವಳ ಹಿಂದೆ ನಾನೂ ಓಡಿದೆ. ಮೊದಲ ಮನೆಯಲ್ಲಿ ಕಟ್ಟು ಇನ್ನೂ ಬಿಚ್ಚಿರಲಿಲ್ಲ. ಪಕ್ಕದ ಮನೆಯಲ್ಲಿ ಎಮ್ಮೆ ಆಗತಾನೇ ಬಾಯಿ ಹಾಕಿತ್ತು, ಎಳೆದುಕೊಂಡಳು. "ಇದೇನೇ, ಕೊಟ್ಟಿದ್ದನ್ನ ಕಿತ್ಕೋತೀಯಾ? ಬುದ್ಧಿ ನೆಟ್ಟಗಿದ್ಯಾ?" ಎಂದು ಮನೆಯಾಕೆ ಮೇಲೆ ಬಿದ್ದಳು. ಹುಲ್ಲಕ್ಕ ಎಲ್ಲರಿಗೂ ಹೇಳಿದ್ದು ಒಂದೇ ಮಾತು: "ವಿಷ ಬಿದ್ದ ಹುಲ್ಲು. ತಂದವಳು ನಾನು."

ಟೈಲರನದು ತುಂಬು ಗಬ್ಬದ ಹಸು. ಅಲ್ಲಿಗೆ ಹೋಗುವಷ್ಟರಲ್ಲಿ ಗೋದಲಿ ಅರ್ಧ ಖಾಲಿ. ಉಳಿದದ್ದನ್ನು ಹುಲ್ಲಕ್ಕ ಬಾಚಿ ತೆಗೆಯುತ್ತಿರುವಾಗಲೇ ಹಸುವಿನ ಬಾಯಿಂದ ಜೊಲ್ಲು ಸುರಿಯಿತು, ತೊಡೆ ಅದುರಿತು. ಟೈಲರ್ ಹೊಲಿಗೆ ಬಿಟ್ಟು ದನದ ಡಾಕ್ಟರನ್ನು ಕರೆತಂದ. ಔಷಧಿಯವನು ತಂದ ಡಬ್ಬಿಯನ್ನು ನೋಡಿ ಡಾಕ್ಟರು ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತು ಕಾದು ಮತ್ತೆ ಚುಚ್ಚಿದರು. ಹುಲ್ಲಕ್ಕ ಸಗಣಿ ಗಂಜಲದಲ್ಲೇ ಕೂತು ಹಸುವಿನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಹಸು ಬದುಕಿತು. ಕರು ಹೊಟ್ಟೆಯಲ್ಲೇ ಹೋಯಿತು.

"ಅವಳು ಬಂದು ಹೇಳದೇ ಇದ್ದಿದ್ರೆ ಎರಡೂ ಹೋಗ್ತಿದ್ವು ಕಣೋ" ಎಂದಳು ಟೈಲರನ ತಾಯಿ.

"ಅವಳು ಬರದೇ ಇದ್ದಿದ್ರೆ ಆ ಹುಲ್ಲೂ ಬರ್ತಿರ್ಲಿಲ್ಲಮ್ಮ" ಎಂದ ಮಗ.

ಮಾರನೆಯ ದಿನ ಅವಳು ತಂದ ಹೊರೆಗೆ ಒಂದು ಬಾಗಿಲೂ ತೆರೆಯಲಿಲ್ಲ. ನಮ್ಮ ಯಜಮಾನರು ಆಗಿನ್ನೂ ಬದುಕಿದ್ದರು. "ಇರೋದೊಂದೇ ಹಸು ಕಣೇ" ಎಂದು ಮುಖ ತಿರುಗಿಸಿದರು. ಹೊರೆ ಹೊತ್ತು ಬಂದ ದಾರಿಯಲ್ಲೇ ಅವಳು ಹಿಂದಿರುಗಿದಳು. ಹಾಗೆಯೇ ಎಷ್ಟೋ ದಿನ ನಡೆಯಿತು. ಅವಳ ಮನೆಯ ಒಲೆ ಒಂದು ಹೊತ್ತು ಉರಿದರೆ ಇನ್ನೊಂದು ಹೊತ್ತಿಲ್ಲ ಎಂಬ ಸುದ್ದಿ ಬಂತು. ಇತ್ತ ನಮ್ಮ ಹಸುಗಳು ಒಣಹುಲ್ಲನ್ನು ಮೂಸಿ ಮೂಸಿ ಬಿಡುತ್ತಿದ್ದವು, ಹಾಲು ಇಳಿಯಿತು.

ಆಮೇಲೊಂದು ಬೆಳಿಗ್ಗೆ ಬರಿಯ ಹಗ್ಗ, ಕುಡುಗೋಲು ಹಿಡಿದು ಬಂದು ಬೀದಿಯ ನಡುವೆ ನಿಂತಳು.

"ಹುಲ್ಲು ತಂದಿಲ್ಲ. ಯಾರಾದ್ರೂ ಒಬ್ಬರು ನನ್ನ ಜೊತೆ ಬನ್ನಿ. ನೀವು ತೋರಿಸಿದ ಬದುವಲ್ಲೇ, ನಿಮ್ಮ ಕಣ್ಣೆದುರಿಗೇ ಕೊಯ್ತೀನಿ."

ಟೈಲರನ ಮನೆಯ ಹೊಲಿಗೆ ಮೆಷಿನ್ನಿನ ಸದ್ದು ಜೋರಾಯಿತು. ಅಷ್ಟರಲ್ಲಿ ಅವನ ತಾಯಿ ಚಪ್ಪಲಿ ತಡಕಿ ಮೆಟ್ಟಿಕೊಂಡು ಹೊರಗೆ ಬಂದಳು.

"ಅಮ್ಮಾ, ಒಳಗೆ ಬಾ!"

"ಹಸು ಹಸಿದಿದ್ಯಪ್ಪಾ. ನಿನ್ನ ಕೋಪ ಮೇಯಿಸೋಕಾಗುತ್ತಾ?" ಎಂದು ಹುಲ್ಲಕ್ಕನ ಭುಜ ಹಿಡಿದಳು. "ನಡಿಯೇ. ಮೆಲ್ಲಗೆ ಹೆಜ್ಜೆ ಹಾಕು, ನನ್ನ ಮಂಡಿ ನಿನ್ನ ಮಂಡಿಯಲ್ಲ."

ಬಿಸಿಲೇರಿದ ಮೇಲೆ ಇಬ್ಬರೂ ಹಿಂದಿರುಗಿದರು. ಹೊರೆ ಇಳಿಸಲು ಟೈಲರ್ ಕೈ ಕೊಡಲಿಲ್ಲ, ಮುಖವನ್ನೂ ನೋಡಲಿಲ್ಲ. ಕೊಟ್ಟಿಗೆಯ ಬಾಗಿಲನ್ನು ಮಾತ್ರ ತೆರೆದಿಟ್ಟಿದ್ದ.