ನಮ್ಮ ಮನೆಯ ಉಷ್ಣ

ಸಿಂದಗಿಯ ನಮ್ಮ ಮನೆಯಲ್ಲಿ ಊಟಕ್ಕೆ ಎರಡು ಪಂಕ್ತಿ. ಖಾರ ತಿನ್ನುವ ಅವ್ವ ಮತ್ತು ತಮ್ಮಂದಿರದು ಒಂದು, ಅಪ್ಪನದು ನನ್ನದು ಇನ್ನೊಂದು. ಬಾಯಲ್ಲಿ ಹುಣ್ಣೆದ್ದಾಗಲೆಲ್ಲ ನಮ್ಮಿಬ್ಬರ ತಾಟಿಗೆ ಕೆಂಪು ಚಟ್ನಿ ಬೀಳುತ್ತಿರಲಿಲ್ಲ. ಅವ್ವ ಕಡಕ್ ರೊಟ್ಟಿಯನ್ನು ಮುರಿದು ಮಜ್ಜಿಗೆಯಲ್ಲಿ ನೆನೆಹಾಕಿ ಮುಂದಿಡುತ್ತಿದ್ದಳು. ಇಡುವಾಗ ಒಂದು ಮಾತು ಅನ್ನದೆ ಇಡುವವಳಲ್ಲ.

"ಅಪ್ಪಂದೂ ಮಗಳದೂ ಒಂದ ಬಾಯಿ. ನಾ ನೋಡ್ರಿ, ಹಸಿ ಮೆಣಸಿನಕಾಯಿ ಕಡದ್ರೂ ಏನೂ ಆಗಂಗಿಲ್ಲ."

ನಾವು ಅದನ್ನು ರೋಗವೆಂದು ಕರೆಯಲೇ ಇಲ್ಲ. ಅದು ಉಷ್ಣ. ನೆತ್ತಿಗೆ ಔಡಲೆಣ್ಣೆ, ರಾತ್ರಿ ಗಸಗಸೆ ಪಾಯಸ, ಅಷ್ಟೇ ಚಿಕಿತ್ಸೆ. ನಿಜ ಹೇಳಬೇಕೆಂದರೆ ನನಗೆ ಆ ದಿನಗಳು ಇಷ್ಟವಾಗಿದ್ದವು. ಅಪ್ಪ ಕಂದಾಯ ಇಲಾಖೆಯ ತಲಾಟಿ. ಮೋರಟಗಿ, ಕನ್ನೊಳ್ಳಿ ಎಂದು ಹಳ್ಳಿ ಸುತ್ತಿ ಬಂದರೆ ಮಕ್ಕಳೊಡನೆ ಮಾತು ಕಡಿಮೆ. ಹುಣ್ಣಿನ ದಿನ ಮಾತ್ರ ಅವನು ನನ್ನವನು. ಇಬ್ಬರಿಗೂ ಬಾಯಿ ಬಿಡಲಾಗದು, ಹಾಗಾಗಿ ಹುಬ್ಬಿನಲ್ಲೇ ಸಂಭಾಷಣೆ. ಅವ್ವ ಚಟ್ನಿಗೆ ಎಣ್ಣೆ ಸುರಿದುಕೊಳ್ಳುವಾಗ ಅವನ ಒಂದು ಹುಬ್ಬು ಮೇಲೇರುತ್ತಿತ್ತು. ನಾನು ನಗುತ್ತಿದ್ದೆ, ನಕ್ಕರೆ ತುಟಿ ಉರಿಯುತ್ತಿತ್ತು, ಆದರೂ ನಗುತ್ತಿದ್ದೆ.

ಅಪ್ಪನ ಕಣ್ಣು ಆಗಾಗ ಕೆಂಪಾಗುತ್ತಿತ್ತು. ತೊಗರಿ ರಾಶಿಯ ಧೂಳು ಅಂದೆವು. ಹಾಗೆ ಅನ್ನುತ್ತಲೇ ಎಡಗಣ್ಣಿನ ದೃಷ್ಟಿ ಪೂರ್ತಿ ಹೋಯಿತು. ಬಾಯಿಗೂ ಕಣ್ಣಿಗೂ ಏನು ಸಂಬಂಧ ಎಂದು ಕೇಳುವವರು ಯಾರಿದ್ದರು?

ನಾನು ಮದುವೆಯಾಗಿ ಮುದ್ದೇಬಿಹಾಳಕ್ಕೆ ಬಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಒಂದು ಬೇಸಿಗೆ ನನ್ನ ಎಡಗಣ್ಣೂ ಕೆಂಪಾಯಿತು. ಬೆಳಕು ಕಂಡರೆ ನೋವು, ಕರಿಹಲಗೆಯ ಮೇಲೆ ನಾನೇ ಬರೆದ ಅಕ್ಷರ ಮಂಜು. ಫೋನಿನಲ್ಲಿ ಸುದ್ದಿ ಕೇಳಿದ ಅಪ್ಪ ಅವ್ವನನ್ನು ಬಸ್ಸು ಹತ್ತಿಸಿ ಕಳಿಸಿದ. ಇಬ್ಬರೂ ವಿಜಯಪುರದ ಕಣ್ಣಿನ ಡಾಕ್ಟರರಲ್ಲಿಗೆ ಹೋದೆವು.

ಮೊದಲು ರಕ್ತ ತೆಗೆದರು, ಎರಡು ದಿನ ಬಿಟ್ಟು ವರದಿಗೆ ಮತ್ತೆ ಹೋದೆವು. ಒಳಗೆಲ್ಲೋ ಉರಿಯೂತ ಇದೆ ಎಂದಷ್ಟೇ ಅದು ಹೇಳಿತು, ಎಲ್ಲಿ, ಯಾಕೆ ಎಂದು ಹೇಳಲಿಲ್ಲ. ಡಾಕ್ಟರಮ್ಮ ಕೇಳಿದರು, "ಬಾಯಲ್ಲಿ ಪದೇ ಪದೇ ಹುಣ್ಣಾಗುವ ಕಾಯಿಲೆ ಇದೆಯಾ?"

"ಇಲ್ರಿ," ಅಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ನನಗೆ ಅನಿಸಲೇ ಇಲ್ಲ.

ಪಕ್ಕದಲ್ಲಿದ್ದ ಅವ್ವ, "ಕಾಯಿಲೆ ಏನಿಲ್ಲ ಬಿಡ್ರಿ. ಬರೇ ಉಷ್ಣ. ತಿಂಗಳಿಗೊಮ್ಮೆ ಬಾಯೆಲ್ಲ ಹುಣ್ಣಾಗಿ ಮಜ್ಜಿಗಿ ರೊಟ್ಟಿ ತಿಂತಾಳ. ಇವರಪ್ಪಗೂ ಹಂಗ ಆಕ್ಕೈತಿ" ಅಂದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅಪ್ಪನ ಕಣ್ಣಿನ ಬಗ್ಗೆ ಕೇಳಿದರು. ಹೆಣ್ಣುಮಕ್ಕಳು ಯಾರಿಗೂ ಹೇಳದ ಜಾಗದ ಹುಣ್ಣಿನ ಬಗ್ಗೆಯೂ ಮೆಲ್ಲಗೆ ಕೇಳಿದರು. ನಾನು ತಲೆ ತಗ್ಗಿಸಿ ಹೌದೆಂದೆ. ರಕ್ತ ತೆಗೆದ ಜಾಗ ನೋಡಿದರೆ ಸೂಜಿ ಚುಚ್ಚಿದಲ್ಲೇ ಕೆಂಪು ಗುಳ್ಳೆ ಎದ್ದಿತ್ತು, ಅದೂ ಒಂದು ಸುಳಿವು ಎಂದರು. ಆಮೇಲೆ ಮಾಡಿಸಿದ ಇನ್ನೊಂದು ಪರೀಕ್ಷೆಯಲ್ಲಿ ಎಚ್‌ಎಲ್‌ಎ-ಬಿ51 ಎಂಬ ವಂಶವಾಹಿ ಗುರುತು ಸಿಕ್ಕಿತು. ರೋಗದ ಹೆಸರು ಬೆಹ್ಸೆಟ್, ಬಾಯಿ, ಕಣ್ಣು ಎರಡನ್ನೂ ಹಿಡಿಯುವ ರಕ್ತನಾಳದ ಉರಿಯೂತ.

"ಈ ಗುರುತು ಒಂದರಿಂದಲೇ ರೋಗ ಅಂತ ಹೇಳೋಕಾಗಲ್ಲ," ಡಾಕ್ಟರಮ್ಮ ವಿವರಿಸಿದರು. "ಇದು ತಂದೆಯಿಂದಲೂ ಬರಬಹುದು, ತಾಯಿಯಿಂದಲೂ ಬರಬಹುದು. ಇದ್ದವರಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಇರ್ತಾರೆ. ನಿಮ್ಮ ತಾಯಿ ಹೇಳಿದ್ದೇ ನಮಗೆ ದಾರಿ ತೋರಿಸಿದ್ದು. ಔಷಧ ಬಿಡಬೇಡಿ, ಕಣ್ಣು ಉಳಿಯುತ್ತೆ."

ಕಣ್ಣು ಉಳಿಯುತ್ತದೆ ಎಂಬ ಮಾತು ಹಿಡಿದುಕೊಂಡು ಸಿಂದಗಿಗೆ ಬಂದೆವು. ಅಪ್ಪ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದ. ಅವ್ವ ಎಲ್ಲವನ್ನೂ ಹೇಳಿದಳು. ಅವನು ಕಣ್ಣಿನ ಮಾತು ಬಿಟ್ಟು ಒಂದನ್ನೇ ಕೇಳಿದ.

"ನನ್ನ ಕಡಿಂದ ಬಂತೇನ, ಮಗಳ?"

ನಾನು ಅವನ ಪಕ್ಕ ಕಟ್ಟೆಯ ಮೇಲೆ ಕೂತೆ. ಅಷ್ಟರಲ್ಲಿ ಅವ್ವ ಕೈಕಾಲು ತೊಳೆಯುತ್ತ ಅಲ್ಲಿಂದಲೇ ಜೋರು ಮಾಡಿದಳು.

"ನಿಮ್ಮ ಕಡಿಂದನ ಅಂತ ಯಾರ ಹೇಳ್ಯಾರ್ರಿ? ಅದು ರಕ್ತದಾಗ ಇದ್ದೂ ಗಟ್ಟಿಮುಟ್ಟ ಇರೋ ಮಂದಿ ಭಾಳ ಅದಾರಂತ. ಡಾಕ್ಟರ ಬಾಯಿಲೆ ನಾನ ಕೇಳೇನಿ. ನಂದ ಇದ್ರೂ ಇರಬಹುದು."

"ನಿನಗ ಒಂದ ದಿನಾರ ಬಾಯಾಗ ಹುಣ್ಣಾಗ್ಯಾವೇನ?"

"ಆಗಿಲ್ಲ. ಅದಕ್ಕ ಅಂತೇನಿ."

ಆವತ್ತಿನ ಊಟಕ್ಕೆ ಅವ್ವ ಚಟ್ನಿಯ ಡಬ್ಬಿಯನ್ನು ಮುಟ್ಟಲಿಲ್ಲ. ತನ್ನ ತಾಟಿನಲ್ಲೂ ರೊಟ್ಟಿ ಮುರಿದು ಮಜ್ಜಿಗೆ ಸುರಿದುಕೊಂಡು ನಮ್ಮ ಪಂಕ್ತಿಗೆ ಬಂದು ಕೂತಳು. ಸಪ್ಪೆ ತುತ್ತಿಗೆ ಮುಖ ಕಿವಿಚುತ್ತಲೇ ಉಂಡಳು. ಅಪ್ಪನ ಹುಬ್ಬು ಮೇಲೇರಿತು. ಔಷಧದ ಹನಿ ಹಾಕಿದ ನನ್ನ ಕಣ್ಣಿಗೂ ಅದು ಕಂಡಿತು.

ಅಪ್ಪ ಈಗಿಲ್ಲ. ನನ್ನ ಕಣ್ಣು ಉಳಿದಿದೆ, ಮಾತ್ರೆ ನಡೆದಿದೆ. ಅವ್ವನ ರಕ್ತವನ್ನೊಮ್ಮೆ ಪರೀಕ್ಷೆ ಮಾಡಿಸಿ ನೋಡೋಣ ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ಯಾರೂ ಅಂದಿಲ್ಲ.